ಮಾರ್ಚ್‌ಗೆ ಎತ್ತಿಟ್ಟದ್ದು

ಸಂತ ಲುಡ್ಮಿಲಾ ಕಾಲೇಜಿನ ಹುಡುಗಿಯರು ಅದಕ್ಕೆ ಇಟ್ಟಿದ್ದ ಹೆಸರು "ಮಾರ್ಚ್‌ಗೆ ಎತ್ತಿಡೋದು". ಕೇಳಿದವರಿಗೆ ಏನೋ ಉಪ್ಪಿನಕಾಯಿ ಜಾಡಿಯ ಸಮಾಚಾರ ಇರಬೇಕು ಅನ್ನಿಸುವಂಥ ಹೆಸರು. ಆಡುವ ಹುಡುಗಿಯರನ್ನು ಬಿಟ್ಟು ಹೊರಗಿನ ಯಾರಿಗೂ ಅದರ ಗುಟ್ಟು ಗೊತ್ತಿರಲಿಲ್ಲ. ಕೋಚ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದಳೋ ಏನೋ, ಆ ಮಾತು ಬೇರೆ.

ವಿಷಯ ಇಷ್ಟೇ. ಪ್ರತಿ ಸೆಪ್ಟೆಂಬರ್‌ನಲ್ಲಿ, ಬಾಸ್ಕೆಟ್‌ಬಾಲ್ ಅಭ್ಯಾಸ ಶುರುವಾಗುವ ಮೊದಲು, ತಂಡದ ಒಬ್ಬೊಬ್ಬಳನ್ನೂ ಕಂಪ್ಯೂಟರ್ ಮುಂದೆ ಕೂರಿಸಿ ತಲೆಯ ಪರೀಕ್ಷೆ ಮಾಡುತ್ತಾರೆ. ಪರದೆಯ ಮೇಲೆ ಪದಗಳು ಬಂದು ಹೋಗುತ್ತವೆ, ಆಕಾರಗಳು ಬಂದು ಹೋಗುತ್ತವೆ. ಯಾವುದನ್ನು ಆಗಲೇ ನೋಡಿದ್ದೆ, ಯಾವುದು ಹೊಸದು ಎಂದು ಬೇಗಬೇಗ ಗುಂಡಿ ಒತ್ತಬೇಕು. ಬಂದ ಅಂಕವೇ ಆ ಹುಡುಗಿಯ ಮಾಮೂಲು ಅಂಕ. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಕೊಡುತ್ತಾರೆ, ಮಾಮೂಲಿಗಿಂತ ಕಡಿಮೆ ಬಂದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ಒಳ್ಳೆಯ ಏರ್ಪಾಡೇ. ಆದರೆ ಆ ವಯಸ್ಸಿನ ಹುಡುಗಿಯರು ಏರ್ಪಾಡಿಗೆಲ್ಲ ಮಣಿಯುವ ಪೈಕಿಯೇ? ಸೆಪ್ಟೆಂಬರ್‌ನಲ್ಲೇ ಬೇಕೆಂದು ಒಂದಷ್ಟು ತಪ್ಪು ಒತ್ತಿ ಅಂಕ ಇಳಿಸಿಕೊಂಡರೆ ಆಯಿತು. ಪೆಟ್ಟು ಬಿದ್ದ ಮೇಲೂ ಅಷ್ಟೇ ಬರುತ್ತದೆ, ಯಂತ್ರ ಸರಿಯಾಗಿದ್ದಾಳೆ ಅನ್ನುತ್ತದೆ, ಆಡಲು ಬಿಡುತ್ತಾರೆ. ಮಾರ್ಚ್‌ನಲ್ಲಿ ಸುತ್ತಲಿನ ಕಾಲೇಜುಗಳ ಕೂಟದ, ಅಂದರೆ ಕಾನ್ಫರೆನ್ಸಿನ, ಪಂದ್ಯಾವಳಿ ಬಂದಾಗ ಯಾರೂ ಹೊರಗೆ ಕೂರಬಾರದಲ್ಲ, ಅದಕ್ಕೇ ಎತ್ತಿಡುವುದು.

ಬ್ರೆನ್ನಾ ವೊಂಡ್ರಾ ಇದನ್ನು ಮೊದಲ ವರ್ಷವೇ ಹಿರಿಯ ಹುಡುಗಿಯರಿಂದ ಕಲಿತಿದ್ದಳು. ನಾಲ್ಕನೆಯ ವರ್ಷ ಅವಳೇ ತಂಡದ ನಾಯಕಿ. ಆ ವರ್ಷವೇ ಅವಳ ತಂಗಿ ಟೆಸ್ ಕೂಡ ಅದೇ ಕಾಲೇಜಿಗೆ, ಅದೇ ತಂಡಕ್ಕೆ ಬಂದಳು. ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ತಂಗಿಗೆ ವಿದ್ಯೆ ಹೇಳಿಕೊಟ್ಟಳು.

"ಜಾಸ್ತಿ ತಪ್ಪು ಮಾಡ್ಬೇಡ, ಯಂತ್ರ ಹಿಡಿದ್ಬಿಡುತ್ತೆ. ಹತ್ತಕ್ಕೆ ಮೂರು ತಪ್ಪು ಮಾಡು, ಸಾಕು. ಮತ್ತೆ ಗುಂಡಿ ಒತ್ತೋವಾಗ ಸ್ವಲ್ಪ ತಡ ಮಾಡು, ನಿದ್ದೆಗಣ್ಣಲ್ಲಿ ಇರೋರ ಥರ."

"ಡಾರ್ಲಾ ನನ್ನ ಪೆದ್ದಿ ಅಂದ್ಕೊಳ್ಳಲ್ವಾ?" ಎಂದಳು ಟೆಸ್. ಡಾರ್ಲಾ ಅಂದರೆ ತಂಡದ ಫಿಸಿಯೋ. ಪರೀಕ್ಷೆ ನಡೆಸುವವಳು ಅವಳೇ.

"ಅಂದ್ಕೊಳ್ಳೋದೇನು ಬಂತು. ನಿನ್ನ ಮುಖ ನೋಡಿದ್ರೆ ಸಾಕು."

ಟೆಸ್ ಅಕ್ಕನ ತೊಡೆಗೆ ಒಂದು ಗುದ್ದಿ ಒಳಗೆ ಹೋದಳು. ಅವಳು ಪೆದ್ದಿಯಲ್ಲ, ಊರಿಗೆಲ್ಲ ಅದು ಗೊತ್ತು. ಯಾವ ಚಿಕ್ಕಮ್ಮನ ಮದುವೆಯಲ್ಲಿ ಯಾರು ಯಾವ ಬಣ್ಣದ ಉಡುಪು ಹಾಕಿದ್ದರು, ಯಾವ ವರ್ಷ ಯಾವ ತಂಡದ ಮೇಲೆ ಅಕ್ಕ ಎಷ್ಟು ಅಂಕ ಹೊಡೆದಳು, ಅಪ್ಪ ಗ್ಯಾಸ್ ಟ್ಯಾಂಕರ್ ಓಡಿಸಿಕೊಂಡು ಹೋಗುವ ದಾರಿಯಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲ ಅವಳ ನಾಲಿಗೆ ತುದಿಯಲ್ಲಿ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಅಮ್ಮ ಏನನ್ನಾದರೂ ಎಲ್ಲಿಟ್ಟೆ ಎಂದು ಮರೆತರೆ ಕಾಲೇಜಿಗೆ ಫೋನ್ ಮಾಡಿ ಟೆಸ್‌ಳನ್ನು ಕೇಳುತ್ತಿದ್ದಳು. ಮನೆಯಿಂದ ಅಷ್ಟು ದೂರವಿದ್ದ ಹುಡುಗಿ, ಒಲೆಯ ಪಕ್ಕದ ಎರಡನೇ ಡ್ರಾಯರ್ ನೋಡಮ್ಮ ಅನ್ನುತ್ತಿದ್ದಳು, ಅದು ಅಲ್ಲೇ ಇರುತ್ತಿತ್ತು.

ಪರೀಕ್ಷೆ ಮುಗಿಸಿ ಹೊರಗೆ ಬಂದವಳು ಬೆವರಿದ್ದಳು.

"ಬೇಕಂತ ತಪ್ಪು ಮಾಡೋದು ಎಷ್ಟು ಕಷ್ಟ ಕಣೇ ಬ್ರೆನ್. ಕೈ ತಾನಾಗೇ ಸರಿಯಾದ್ದಕ್ಕೇ ಹೋಗ್ತಿತ್ತು. ಎಳೆದು ಎಳೆದು ತಪ್ಪಿಗೆ ತರಬೇಕಾಯ್ತು."

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಾರ್ಚ್ ಬಂತು. ಗುರುವಾರ ಬೆಳಿಗ್ಗೆ ತಂಡದ ಬಸ್ಸು ಗ್ರ್ಯಾಂಡ್ ಐಲೆಂಡ್ ಎಂಬ ಊರಿಗೆ ಹೊರಟಿತು. ಪಂದ್ಯಾವಳಿ ಯಾವಾಗಲೂ ಅಲ್ಲೇ. ಎಂಟು ಕಾಲೇಜುಗಳ ಕಾನ್ಫರೆನ್ಸ್ ಅದು, ಗೆದ್ದ ಒಂದೇ ಒಂದು ತಂಡ ರಾಷ್ಟ್ರದ ಪಂದ್ಯಾವಳಿಗೆ ಹೋಗುತ್ತದೆ, ಉಳಿದವರು ಸಾಮಾನು ಕಟ್ಟಿಕೊಂಡು ಮನೆಗೆ. ಇಡೀ ವರ್ಷ ಗೆದ್ದು ಆ ಮೂರು ಆಟಗಳಲ್ಲಿ ಒಂದನ್ನು ಸೋತರೂ ಅಷ್ಟೇ. ಸಂತ ಲುಡ್ಮಿಲಾ ಒಂದು ಸಲವೂ ಹೋಗಿರಲಿಲ್ಲ. ಹಿಂದಿನ ವರ್ಷ ಫೈನಲ್ ತನಕ ಬಂದು ಒಂದು ಅಂಕದಿಂದ ಸೋತಿತ್ತು. ಕೊನೆಯ ಗಳಿಗೆಯಲ್ಲಿ, ಯಾರೂ ಅಡ್ಡ ಬಾರದೆ ಬುಟ್ಟಿಗೆ ಎಸೆಯುವ ಎರಡು ಫ್ರೀ ಥ್ರೋ ಸಿಕ್ಕಿ ಎರಡನ್ನೂ ತಪ್ಪಿಸಿದವಳು ಬ್ರೆನ್ನಾ. ಆ ಮೇಲೆ ಊರಿನಲ್ಲಿ ಯಾರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲರೂ ಬೆನ್ನು ತಟ್ಟಿ ಹವಾಮಾನದ ವಿಷಯ ಮಾತಾಡಿದರು. ಬಯ್ದಿದ್ದರೆ ವಾಸಿಯಿತ್ತು. ಈ ವರ್ಷ ಗೆಲ್ಲದಿದ್ದರೆ ಅವಳಿಗೆ ಮತ್ತೊಂದು ವರ್ಷ ಇರಲಿಲ್ಲ.

ದಾರಿಯಲ್ಲಿ ಪ್ಲಾಟ್ ನದಿಯ ಆಚೀಚೆ, ಕಟಾವಾದ ಜೋಳದ ಹೊಲಗಳ ತುಂಬ ಕೊಕ್ಕರೆಗಳು ಇಳಿದಿದ್ದವು. ಪ್ರತಿ ವರ್ಷ ಆ ತಿಂಗಳು ಬಂದು ಹೋಗುವ ಬೂದು ಕೊಕ್ಕರೆಗಳು, ಸಾವಿರಗಟ್ಟಲೆ. ಟೆಸ್ ಕಿಟಕಿಗೆ ಮೂಗು ಒತ್ತಿ ಫೋನಿನಲ್ಲಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. "ಇವೂ ಪಂದ್ಯಾವಳಿಗೇ ಬಂದಿರೋದು, ಆದ್ರೆ ಇವರ ಕೋಚ್ ಊಟಕ್ಕೆ ಬಿಟ್ಟಿದ್ದಾಳೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮುಂದಿನ ಸೀಟಿನಲ್ಲಿದ್ದ ಕೋಚ್ ಹೋಲ್ಕಂಬ್ ಹಿಂದೆ ತಿರುಗದೆಯೇ, "ವೊಂಡ್ರಾ ಚಿಕ್ಕವಳೇ, ನಿನಗೆ ಇವತ್ತು ಹುಲ್ಲೇ ಊಟ" ಅಂದಳು. ಬಸ್ಸೆಲ್ಲ ನಕ್ಕಿತು.

ಗುರುವಾರದ ಆಟ ಸುಲಭವಾಗಿ ಗೆದ್ದರು. ಶುಕ್ರವಾರ ಸೆಮಿಫೈನಲ್.

ದೂರದಿಂದ ಗುರಿಯಿಟ್ಟು ಬುಟ್ಟಿಗೆ ಹಾಕುವುದರಲ್ಲಿ ಟೆಸ್‌ಳ ಸಮಕ್ಕೆ ಆ ಕಾನ್ಫರೆನ್ಸಿನಲ್ಲಿ ಯಾರೂ ಇರಲಿಲ್ಲ. ಅಕ್ಕ ಚೆಂಡು ಕೊಡುವುದು, ತಂಗಿ ಹಾಕುವುದು, ಮನೆಯ ಕೊಟ್ಟಿಗೆಯ ಗೋಡೆಗೆ ಅಪ್ಪ ಹೊಡೆದುಕೊಟ್ಟ ಬುಟ್ಟಿಯಲ್ಲಿ ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ. ಆ ದಿನವೂ ಹಾಗೇ ನಡೆಯುತ್ತಿತ್ತು. ಇನ್ನೇನು ಗೆದ್ದೆವು ಅನ್ನುವಾಗ ಒಂದು ಚೆಂಡು ಅಂಕಣದ ಆಚೆ ಉರುಳಿತು. ಟೆಸ್ ಅದಕ್ಕೆ ಹಾರಿದಳು, ಎದುರಾಳಿಯ ಹುಡುಗಿಯೊಬ್ಬಳೂ ಹಾರಿದಳು. ಆ ಹುಡುಗಿಯ ಮೊಣಕಾಲು ಟೆಸ್‌ಳ ಕಪಾಳದ ಮೇಲ್ಭಾಗಕ್ಕೆ ಬಡಿಯಿತು, ತಲೆ ನೆಲಕ್ಕೆ ಕುಟ್ಟಿತು. ಆ ಶಬ್ದ ಬ್ರೆನ್ನಾಳಿಗೆ ಅಂಕಣದ ನಡುವೆ ನಿಂತಿದ್ದಲ್ಲಿಗೆ ಕೇಳಿಸಿತು. ಮರದ ಮೇಲೆ ಮರ ಬಿದ್ದ ಹಾಗೆ.

ಟೆಸ್ ಎದ್ದಳು. ಕೈ ಎತ್ತಿ ಬೀಸಿದಳು. ಜನ ಚಪ್ಪಾಳೆ ತಟ್ಟಿದರು. ಡಾರ್ಲಾ ಓಡಿ ಬಂದು ಅವಳನ್ನು ಬೆಂಚಿಗೆ ಕರೆದೊಯ್ದು, ಕಣ್ಣಿಗೆ ಸಣ್ಣ ಟಾರ್ಚ್ ಬಿಟ್ಟು ನೋಡಿ, ಊರು ಯಾವುದು, ಎದುರಾಳಿ ಯಾರು, ಅಂಕ ಎಷ್ಟು ಎಂದು ಕೇಳಿದಳು. ಟೆಸ್ ಎಲ್ಲಕ್ಕೂ ಉತ್ತರ ಕೊಟ್ಟಳು. ಅಂಕವಂತೂ ಎದುರಿನ ಬೋರ್ಡಿನ ಮೇಲೇ ಉರಿಯುತ್ತಿತ್ತು.

"ಇವತ್ತು ಇನ್ನು ಆಡೋದು ಬೇಡ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಪರೀಕ್ಷೆ ಮಾಡಿ ನೋಡ್ತೀನಿ" ಎಂದಳು ಡಾರ್ಲಾ. ಮಿಕ್ಕ ಆಟವನ್ನು ಅವಳಿಲ್ಲದೆಯೇ ಗೆದ್ದರು.

ಸಂಜೆ ತಂಡವೆಲ್ಲ ಹೆದ್ದಾರಿ ಪಕ್ಕದ ಒಂದು ಹೋಟೆಲಿಗೆ ಊಟಕ್ಕೆ ಹೋಯಿತು. ತಪಸ್ಸುಕಾಲದ ಶುಕ್ರವಾರ, ಬಹಳ ಹುಡುಗಿಯರು ಕರಿದ ಮೀನು ಹೇಳಿದರು. ಬ್ರೆನ್ನಾ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಟೆಸ್ ಮುಂದೆ ದೊಡ್ಡ ದನದ ಮಾಂಸದ ಬರ್ಗರ್ ಬಂದಿತ್ತು, ಅವಳಾಗಲೇ ಅರ್ಧ ತಿಂದಿದ್ದಳು. ವೊಂಡ್ರಾ ಮನೆಯಲ್ಲಿ ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಮಾಂಸ ಮುಟ್ಟಿದವರಿಲ್ಲ. ಜ್ವರ ಬಂದು ಮಲಗಿದಾಗಲೂ ಅಜ್ಜಿ ಕೋಳಿಸಾರು ಕೊಡದೆ ಮೊಟ್ಟೆ ಬೇಯಿಸಿ ಕೊಟ್ಟಿದ್ದಳು.

"ಇವತ್ತು ಶುಕ್ರವಾರ ಕಣೇ" ಎಂದಳು ಬ್ರೆನ್ನಾ ಮೆಲ್ಲಗೆ.

ಟೆಸ್ ಕೈಯಲ್ಲಿದ್ದುದನ್ನು ನೋಡಿದಳು. "ಅಯ್ಯೋ. ಗೆದ್ದ ಖುಷೀಲಿ ಮರ್ತೇಹೋಯ್ತು. ಅಮ್ಮಂಗೆ ಹೇಳ್ಬೇಡ್ವೇ." ಬರ್ಗರನ್ನು ತಟ್ಟೆಯಲ್ಲಿಟ್ಟು ದೂರ ತಳ್ಳಿದಳು. ನೀರು ಕುಡಿದಳು. ಪಕ್ಕದ ಹುಡುಗಿಯ ಹತ್ತಿರ ಏನೋ ಮಾತಾಡಿದಳು. ಆಮೇಲೆ, ಏನೂ ನಡೆದೇ ಇಲ್ಲವೆಂಬಂತೆ, ತಟ್ಟೆಯನ್ನು ಹತ್ತಿರ ಎಳೆದುಕೊಂಡು ಬರ್ಗರ್ ಎತ್ತಿ ಮತ್ತೆ ಕಚ್ಚಿದಳು.

 ಯಾವ ಮದುವೆಯಲ್ಲಿ ಯಾರ ಉಡುಪು ಯಾವ ಬಣ್ಣ ಎಂದು ಹೇಳುವ ಹುಡುಗಿ ಇವಳು. ಎರಡು ಮೇಜುಗಳ ಆಚೆ ಡಾರ್ಲಾ ಕೂತಿದ್ದಳು. ಎದ್ದು ಹೋಗಿ ಹೇಳಲು ಎಷ್ಟು ಹೊತ್ತು? ಬ್ರೆನ್ನಾ ಮೀನಿನ ಮುಳ್ಳು ಬಿಡಿಸುತ್ತ ಕೂತಳು. ಹೇಳಿದರೆ ಬರ್ಗರಿನ ವಿಷಯವಷ್ಟೇ ಹೇಳಿ ಸುಮ್ಮನಿರುವ ಹಾಗಿಲ್ಲ. ನಾಳೆ ಯಂತ್ರ ಟೆಸ್ ಸರಿಯಾಗಿದ್ದಾಳೆ ಅನ್ನುತ್ತದೆ, ಅದು ಸುಳ್ಳು ಎಂದು ಹೇಳಬೇಕಾದರೆ ಸೆಪ್ಟೆಂಬರ್‌ನದು ಸುಳ್ಳು ಎಂದು ಹೇಳಬೇಕು, ಆಗ ಎತ್ತಿಟ್ಟವರು ಇನ್ಯಾರು ಎಂಬ ಪ್ರಶ್ನೆ ಬರುತ್ತದೆ, ಆ ಮೇಜಿನ ಸುತ್ತ ಕೂತು ನಗುತ್ತಿದ್ದ ಅರ್ಧ ತಂಡ ಅದರಲ್ಲಿ ಸಿಕ್ಕಿಬೀಳುತ್ತದೆ. ಫೈನಲ್ ಆಡಲು ಐದು ಜನರೂ ಉಳಿಯುವುದಿಲ್ಲ. ಹೀಗೆಲ್ಲ ಅವಳು ತನಗೆ ತಾನೇ ಹೇಳಿಕೊಂಡಳು. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಹೇಳಿಕೊಳ್ಳಲಿಲ್ಲ. ಟೆಸ್ ಇಲ್ಲದೆ ಗೆಲ್ಲಲಾಗದು.

ಶನಿವಾರ ಬೆಳಿಗ್ಗೆ ತಂಗಿದ್ದ ಹೋಟೆಲಿನ ಕೆಳಗಿನ ಕೋಣೆಯಲ್ಲಿ ಟೆಸ್ ಪರೀಕ್ಷೆಗೆ ಕೂತಳು. ಬ್ರೆನ್ನಾ ತಿಂಡಿಯ ಜಾಗದಲ್ಲಿ ದೋಸೆಯಂತೆ ಹಿಟ್ಟು ಹುಯ್ದು ಮುಚ್ಚಿ ತಿರುಗಿಸುವ ವಾಫಲ್ ಯಂತ್ರದ ಮುಂದೆ ನಿಂತಿದ್ದಳು. ಡಾರ್ಲಾ ಬಂದು ಪಕ್ಕದಲ್ಲಿ ನಿಂತಳು.

"ನಿನ್ನ ತಂಗಿ ಪಾಸು. ಸೆಪ್ಟೆಂಬರ್‌ನಲ್ಲಿ ಎಷ್ಟಿತ್ತೋ ಅಷ್ಟೇ ಬಂದಿದೆ."

"ಒಳ್ಳೇದಾಯ್ತು."

"ಯಂತ್ರ ಸರಿ ಅಂತಿದೆ. ಆದ್ರೂ ಯಾಕೋ ನನಗೆ ಸಮಾಧಾನ ಇಲ್ಲ ಬ್ರೆನ್ನಾ. ನೀನು ಅವಳ ರೂಮಲ್ಲೇ ಮಲಗಿದ್ದೆ. ಏನಾದ್ರೂ ವಿಚಿತ್ರ ಅನ್ನಿಸ್ತಾ? ವಾಂತಿ, ತಲೆನೋವು, ಮಾತು ತೊದಲೋದು, ಮರೆವು? ನೀನು ಬೇಡ ಅಂದ್ರೆ ನಾನು ಕೂರಿಸ್ಬಿಡ್ತೀನಿ. ಕೋಚ್ ಹತ್ರ ನಾನು ಮಾತಾಡ್ತೀನಿ."

ವಾಫಲ್ ಯಂತ್ರ ಕುಯ್ ಎಂದು ಕೂಗಿತು. ಬ್ರೆನ್ನಾ ಮುಚ್ಚಳ ತೆಗೆದಳು.

"ಇಲ್ಲ. ಹೊಟ್ಟೆ ತುಂಬ ತಿಂದ್ಳು, ಚೆನ್ನಾಗಿ ನಿದ್ದೆ ಮಾಡಿದ್ಳು."

ಎರಡೂ ನಿಜವೇ ಆಗಿದ್ದವು. ಡಾರ್ಲಾ ಅವಳ ಮುಖ ನೋಡಿದಳು, ತಲೆಯಾಡಿಸಿ ಕಾಫಿಯ ಕಡೆ ಹೋದಳು. ಅಕ್ಕನಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು ಪಾಪ.

ಟೆಸ್ ಬಂದು ಕೂತಾಗ ಬ್ರೆನ್ನಾ ತನ್ನ ತಟ್ಟೆಯನ್ನು ಅವಳ ಕಡೆ ತಳ್ಳಿ ಕೇಳಿದಳು. "ತಲೆ ನೋಯ್ತಿದೆಯಾ? ನನ್ ಹತ್ರ ನಿಜ ಹೇಳು."

"ಸ್ವಲ್ಪ. ಬೆಳಕು ಕಂಡ್ರೆ ಚುಚ್ಚುತ್ತೆ."

"ಹಾಗಿದ್ರೆ ಬೇಡ ಕಣೇ. ಹೇಳ್ಬಿಡೋಣ."

"ಏನಂತ ಹೇಳ್ತೀಯ? ಹೇಳ್ಕೊಟ್ಟೋಳು ನೀನೇ. ಮಾರ್ಚ್‌ಗೆ ಅಂತ ತಾನೆ ಎತ್ತಿಟ್ಟಿದ್ದು? ಈಗ ಮಾರ್ಚ್ ಬಂತು." ಟೆಸ್ ನಕ್ಕಳು. "ಹೋದ ವರ್ಷ ನೀನು ಅತ್ತಿದ್ದು ನಾನು ನೋಡಿದ್ದೀನಿ ಬ್ರೆನ್. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು. ಇನ್ನೊಂದು ಸಲ ನನಗೆ ಅದನ್ನ ನೋಡೋಕಾಗಲ್ಲ."

 ತಂಗಿ ತನಗಾಗಿ ಹೀಗೆ ಹೇಳಿದಳಲ್ಲ ಎಂದು ಬ್ರೆನ್ನಾ ಕರಗಿಹೋದಳು. ಕರಗಿಹೋದದ್ದರ ಜೊತೆಗೆ ಒಂದು ಹಗುರವೂ ಆಯಿತು, ನಿರ್ಧಾರ ಅವಳದಾಯಿತು, ನನ್ನದಲ್ಲ ಎಂದು. ಮುಂದೆ ನೆನೆದಾಗೆಲ್ಲ ಅವಳಿಗೆ ನಾಚಿಕೆ ತಂದದ್ದು ಆ ಹಗುರವೇ.

ಮಧ್ಯಾಹ್ನ ಆಟಕ್ಕೆ ಹೊರಟ ಬಸ್ಸು ಊರ ಹೊರಗಿನ ಹೊಲಗಳ ಪಕ್ಕದಲ್ಲಿ ಹೋಗುತ್ತಿತ್ತು. ಟೆಸ್ ತಟ್ಟನೆ ಅಕ್ಕನ ತೋಳು ಹಿಡಿದಳು.

"ಬ್ರೆನ್, ಕೊಕ್ಕರೆ ನೋಡೇ. ಎಷ್ಟೊಂದಿವೆ. ಇವು ಇಲ್ಲಿಗೆ ಬರ್ತವೆ ಅಂತ ಯಾರೂ ಹೇಳ್ಲೇ ಇಲ್ಲವಲ್ಲ. ಅಮ್ಮಂಗೆ ಫೋಟೋ ಕಳಿಸ್ಬೇಕು."

ಅವಳು ಫೋನ್ ತೆಗೆದು ಫೋಟೋ ಹೊಡೆದು, ಗುರುವಾರ ಕಳಿಸಿದ್ದ ಕೊಕ್ಕರೆಗಳ ಫೋಟೋದ ಕೆಳಗೇ ಇದನ್ನೂ ಕಳಿಸಿದಳು. ಮೇಲಿನದು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಬ್ರೆನ್ನಾ ಎದ್ದಳು. ಓಲಾಡುವ ಬಸ್ಸಿನಲ್ಲಿ ಸೀಟುಗಳನ್ನು ಹಿಡಿದುಕೊಂಡು ಮುಂದೆ ಹೋದಳು. ಡಾರ್ಲಾ ಕಿಟಕಿ ಪಕ್ಕ ಕೂತು ಔಷಧದ ಚೀಲ ಜೋಡಿಸುತ್ತಿದ್ದಳು, ಆಚೆಯ ಸೀಟಿನಲ್ಲಿ ಕೋಚ್. ಇಬ್ಬರೂ ತಲೆ ಎತ್ತಿದರು.

"ಏನಮ್ಮ ನಾಯಕಿ, ಜೀವ ಕೈಯಲ್ಲಿ ಹಿಡ್ಕೊಂಡು ಬಂದ ಹಾಗಿದೆ" ಎಂದಳು ಕೋಚ್. "ಇವತ್ತು ನಿನ್ನ ದಿನ. ಹೆದರಬೇಡ."

ಬ್ರೆನ್ನಾ ಬಾಯಿ ತೆರೆದಳು.

"ಡಾರ್ಲಾ, ಕಾಲಿಗೆ ಟೇಪ್ ಸುತ್ತಿಕೊಡ್ತೀರಾ? ಕಣಕಾಲು ಸ್ವಲ್ಪ ಸಡಿಲ ಅನ್ನಿಸ್ತಿದೆ."

ಡಾರ್ಲಾ ಅವಳ ಪಾದವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಟೇಪ್ ಸುತ್ತಿದಳು. ಬಿಗಿಯಾಯಿತಾ, ನೋವಾಗುತ್ತದಾ ಎಂದು ಎರಡು ಸಲ ಕೇಳಿದಳು. ಬ್ರೆನ್ನಾಳ ಕಣಕಾಲಿಗೆ ಏನೂ ಆಗಿರಲಿಲ್ಲ.

ಫೈನಲ್ ಲೂಪ್ ರಿವರ್ ಕಾಲೇಜಿನ ಮೇಲೆ, ಹಿಂದಿನ ವರ್ಷ ಸೋಲಿಸಿದವರ ಮೇಲೆಯೇ. ವೊಂಡ್ರಾ ಅಪ್ಪ ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದರು. ಅಮ್ಮನ ಎದೆಯ ಮೇಲೆ ಇಬ್ಬರು ಮಕ್ಕಳ ಚಿತ್ರದ ಎರಡು ದೊಡ್ಡ ಬಿಲ್ಲೆಗಳು. ಮೊದಲ ಅರ್ಧದಲ್ಲಿ ಟೆಸ್ ಆಡಿದ ಆಟ ನೋಡಿದವರು ಅವಳಿಗೆ ಏನಾದರೂ ಆಗಿದೆ ಎಂದರೆ ನಂಬುತ್ತಿರಲಿಲ್ಲ. ಕೈಗೆ ನೆನಪಿತ್ತು. ಅಕ್ಕ ಎಸೆದ ಚೆಂಡನ್ನು ಹಿಡಿದದ್ದೇ ತಡ ಬುಟ್ಟಿಗೆ ಬೀಳುತ್ತಿತ್ತು. ಬ್ರೆನ್ನಾ ನಿಧಾನವಾಗಿ ಹೆದರಿಕೆ ಬಿಟ್ಟಳು. ನೋಡು, ಸುಮ್ಮನೆ ಏನೇನೋ ಕಲ್ಪಿಸಿಕೊಂಡೆ ಎಂದುಕೊಂಡಳು.

ಅರ್ಧ ಆಟವಾದ ಮೇಲೆ ತಂಡಗಳು ಬುಟ್ಟಿ ಬದಲಾಯಿಸಿಕೊಳ್ಳುತ್ತವೆ. ಎರಡನೆಯ ಅರ್ಧ ಶುರುವಾಗುತ್ತಲೇ ಟೆಸ್ ಚೆಂಡು ಹಿಡಿದು, ಈಗ ತಾವು ಕಾಯಬೇಕಾದ ಬುಟ್ಟಿಯ ಕಡೆಗೇ ಓಡಿದಳು. ಬ್ರೆನ್ನಾ ಹಿಂದಿನಿಂದ ಅವಳ ಅಂಗಿ ಹಿಡಿದು ಎಳೆದಳು. ಜನ ಹೋ ಎಂದು ನಕ್ಕರು. ಲೂಪ್ ರಿವರ್ ಕಡೆಯ ಒಬ್ಬ ಹುಡುಗ, "ಹಾಕಮ್ಮ, ಹಾಕು, ಬೇಡ ಅಂದೋರ್ಯಾರು" ಎಂದು ಕೂಗಿದ. ಟೆಸ್ ಕೂಡ ನಕ್ಕಳು. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ಬಚ್ಚಿಟ್ಟುಕೊಂಡ ಮಗುವಿನ ಕಣ್ಣಿನ ಹಾಗೆ ಅಕ್ಕನನ್ನೇ ನೋಡುತ್ತಿತ್ತು.

"ನನ್ನ ಹಿಂದೇ ಇರು" ಎಂದಳು ಬ್ರೆನ್ನಾ. "ನಾನು ಎಲ್ಲಿ ಹೋಗ್ತೀನೋ ಅಲ್ಲಿಗೇ ಬಾ."

"ಸರಿ" ಎಂದಳು ಟೆಸ್.

ಆಮೇಲಿನ ಆಟವೆಲ್ಲ ಅವಳು ಹಾಗೇ ಆಡಿದಳು, ಅಕ್ಕನ ಬೆನ್ನು ನೋಡಿಕೊಂಡು.

ಕೊನೆಯ ನಿಮಿಷ. ಅಂಕ ಸಮ. ಲೂಪ್ ರಿವರ್‌ನ ಎತ್ತರದ ಹುಡುಗಿ ಚೆಂಡು ಹಿಡಿದು ಬುಟ್ಟಿಯ ಕಡೆಗೆ ನುಗ್ಗಿದಳು. ದಾರಿಗೆ ಅಡ್ಡವಾಗಿ, ಕಾಲು ಕದಲಿಸದೆ ನಿಂತು ಅವಳ ಡಿಕ್ಕಿಯನ್ನು ಮೈಮೇಲೆ ತೆಗೆದುಕೊಂಡರೆ ಫೌಲ್ ಅವಳದಾಗುತ್ತದೆ, ಚೆಂಡು ನಮ್ಮದಾಗುತ್ತದೆ. ಬ್ರೆನ್ನಾ ಅಲ್ಲಿಗೆ ಓಡಿದಳು, ಆದರೆ ತಲುಪುವ ಹಾಗಿರಲಿಲ್ಲ. ಟೆಸ್ ಹತ್ತಿರವಿದ್ದಳು.

"ಟೆಸ್, ನಿಲ್ಲು" ಎಂದು ಬ್ರೆನ್ನಾ ಕೂಗಿದಳು.

ಅವಳು ಕೂಗಿದಳು, ಟೆಸ್ ನಿಂತಳು. ಎರಡು ಕೈಗಳನ್ನೂ ಎದೆಗೆ ಅವುಚಿಕೊಂಡು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಳು. ಆ ಹುಡುಗಿ ಬಂದು ಅಪ್ಪಳಿಸಿದಳು. ಟೆಸ್ ಬೆನ್ನಿನ ಮೇಲೆ ಬಿದ್ದಳು, ತಲೆ ಹಿಂದಕ್ಕೆ ಹೋಗಿ ನೆಲಕ್ಕೆ ಬಡಿಯಿತು. ರೆಫರಿಯ ಸೀಟಿ ಕೂಗಿತು. ಫೌಲ್ ಲೂಪ್ ರಿವರ್‌ನದು.

ಇಡೀ ಸಭಾಂಗಣ ಎದ್ದು ಕೂಗುತ್ತಿದ್ದಾಗ ಬ್ರೆನ್ನಾ ತಂಗಿಯನ್ನು ಕೈ ಹಿಡಿದು ಎಬ್ಬಿಸಿದಳು. ಟೆಸ್ ಎದ್ದಳು, ಬೆಂಚಿನ ತನಕ ನಡೆದಳು, ಕೂತಳು. ಡಾರ್ಲಾ ಅವಳ ಮುಂದೆ ಮಂಡಿಯೂರಿ ಕೂತು ಏನೋ ಕೇಳುತ್ತಿದ್ದಳು. ಬ್ರೆನ್ನಾ ಮತ್ತೆ ಆ ಕಡೆ ನೋಡಲಿಲ್ಲ. ಉಳಿದ ಗಳಿಗೆಯಲ್ಲಿ ಅವಳ ಮೇಲೆಯೇ ಫೌಲ್ ಆಯಿತು, ಎರಡು ಫ್ರೀ ಥ್ರೋ ಸಿಕ್ಕವು, ಹಿಂದಿನ ವರ್ಷದ ಹಾಗೇ. ಎರಡನ್ನೂ ಹಾಕಿದಳು. ಸಂತ ಲುಡ್ಮಿಲಾ ಗೆದ್ದಿತು.

ಗೆದ್ದವರು ಬುಟ್ಟಿಯ ಬಲೆ ಕತ್ತರಿಸಿಕೊಳ್ಳುವುದು ವಾಡಿಕೆ. ಏಣಿ ತಂದು ನಿಲ್ಲಿಸುತ್ತಾರೆ, ಒಬ್ಬೊಬ್ಬಳೂ ಹತ್ತಿ ಬಲೆಯ ಒಂದೊಂದು ಎಳೆ ಕತ್ತರಿಸಿಕೊಂಡು ಇಳಿಯುತ್ತಾಳೆ. ಮೊದಲ ವರ್ಷದವರು ಮೊದಲು, ನಾಯಕಿ ಕಟ್ಟಕಡೆಗೆ, ಉಳಿದ ಬಲೆಯೆಲ್ಲ ಅವಳದು. ಡಾರ್ಲಾ ಬೇಡ ಬೇಡ ಅನ್ನುತ್ತಿದ್ದಂತೆಯೇ ಹುಡುಗಿಯರು ಟೆಸ್‌ಳನ್ನು ಬೆಂಚಿನಿಂದ ಎತ್ತಿಕೊಂಡು ಬಂದು ಏಣಿ ಹತ್ತಿಸಿದರು. ಅಮ್ಮ ಮೂರನೇ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ನಿಂತಿದ್ದಳು.

ಟೆಸ್ ಏಣಿಯ ಮೇಲೆ ನಿಂತಳು. ಒಂದು ಕೈಯಲ್ಲಿ ಕತ್ತರಿ. ಬಲೆಯನ್ನು ನೋಡಿದಳು, ಕತ್ತರಿಯನ್ನು ನೋಡಿದಳು. ಎರಡಕ್ಕೂ ಏನು ಸಂಬಂಧ ಎಂದು ಅವಳಿಗೆ ಹೊಳೆಯಲಿಲ್ಲ.

"ಕತ್ತರಿಸೇ ಪೆದ್ದಿ" ಎಂದು ಯಾರೋ ಕೆಳಗಿನಿಂದ ಕೂಗಿ ನಕ್ಕರು.

ಟೆಸ್ ತಿರುಗಿ ಅಕ್ಕನನ್ನು ಹುಡುಕಿದಳು. "ಬ್ರೆನ್, ಯಾರು ಗೆದ್ದಿದ್ದು?" ಎಂದಳು. ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಅವಳು ಬಿದ್ದಳು. ಕೆಳಗೆ ನಿಂತಿದ್ದ ಹುಡುಗಿಯರು ಹಿಡಿದುಕೊಂಡರು, ನೆಲಕ್ಕೆ ತಾಗಲಿಲ್ಲ. ಆದರೆ ಆಗಬಾರದ್ದು ಆಗಲೇ ಆಗಿಹೋಗಿತ್ತು.

ತಲೆಯೊಳಗೆ ರಕ್ತ ಕಟ್ಟಿತ್ತು. ಒಮಾಹಾದ ಆಸ್ಪತ್ರೆಯಲ್ಲಿ ಬುರುಡೆ ತೆರೆದು ತೆಗೆದರು. ರಾಷ್ಟ್ರದ ಪಂದ್ಯಾವಳಿಯಲ್ಲಿ ಸಂತ ಲುಡ್ಮಿಲಾ ಮೊದಲ ಆಟದಲ್ಲೇ ನೆಲಕಚ್ಚಿತು, ವೊಂಡ್ರಾ ಮನೆಯಲ್ಲಿ ಅದನ್ನು ಯಾರೂ ನೋಡಲಿಲ್ಲ. ಬಲೆಯನ್ನು ಯಾರೋ ಮಡಿಸಿ ಚೀಲದಲ್ಲಿ ಹಾಕಿ ಮನೆಗೆ ತಲುಪಿಸಿದ್ದರು. ಬ್ರೆನ್ನಾ ಅದನ್ನು ಕೊಟ್ಟಿಗೆಯಲ್ಲಿ ಬಿಸಾಕಿದಳು.

ಟೆಸ್ ಬದುಕಿದಳು. ನಡೆದಳು, ಉಂಡಳು, ನಕ್ಕಳು. ಮಾತು ಮಾತ್ರ ಹುಡುಕಿ ಹುಡುಕಿ ಬರುತ್ತಿತ್ತು. ಚಮಚ ಎನ್ನಲು ಹೊರಟು, "ಅದು, ಸೂಪಿನದು" ಅನ್ನುತ್ತಿದ್ದಳು. ಅಮ್ಮ ಈಗ ಏನನ್ನಾದರೂ ಎಲ್ಲಿಟ್ಟೆ ಎಂದು ಮರೆತರೆ ತಾನೇ ಹುಡುಕಿಕೊಳ್ಳುತ್ತಿದ್ದಳು. ವಾರಕ್ಕೆ ಮೂರು ಸಲ ಲಿಂಕನ್ ನಗರಕ್ಕೆ ಕರೆದುಕೊಂಡು ಹೋಗಿ ಮಾತಿನ ಪಾಠ, ನೆನಪಿನ ಪಾಠ ಮಾಡಿಸುತ್ತಿದ್ದರು. ಕಾರು ಓಡಿಸುತ್ತಿದ್ದವಳು ಬ್ರೆನ್ನಾ. ಬಂದಿದ್ದ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದಳು. ಎಂಥ ಅಕ್ಕ, ದೇವರು ಇಂಥ ಅಕ್ಕನನ್ನು ಎಲ್ಲರಿಗೂ ಕೊಡಲಿ ಎಂದು ಊರು ಹೊಗಳಿತು. ಆ ಹೊಗಳಿಕೆ ಅವಳಿಗೆ ಉಗಿದ ಹಾಗೆ ಕೇಳಿಸುತ್ತಿತ್ತು, ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಈಗ ಹೇಳಿ ಏನು ಪ್ರಯೋಜನ, ಅಮ್ಮನಿಗೆ ಇನ್ನೊಂದು ಏಟು ಯಾಕೆ ಎಂದು ದಿನ ದೂಡಿದಳು.

ಸೆಪ್ಟೆಂಬರ್ ಬಂತು. ಲಿಂಕನ್‌ನ ಡಾಕ್ಟರು, ಕಾಲೇಜಿನಲ್ಲಿ ಹಿಂದೆ ಮಾಡಿದ್ದ ಪರೀಕ್ಷೆಯನ್ನೇ ಒಮ್ಮೆ ಮಾಡಿಸಿ ನೋಡೋಣ ಅಂದರು. ಹಳೆಯ ಮಟ್ಟಕ್ಕೆ ಬಂದಿದ್ದರೆ ಪಾಠಗಳನ್ನು ನಿಲ್ಲಿಸಬಹುದು, ಟೆಸ್ ಕಾಲೇಜಿಗೆ ಮರಳಬಹುದು. ಅಮ್ಮ ಹಿಂದಿನ ದಿನವೆಲ್ಲ ಪ್ರಾರ್ಥನೆ ಮಾಡಿ, ಬೆಳಿಗ್ಗೆ ಎದ್ದು ಡಾರ್ಲಾಳಿಗೆಂದು ಒಂದು ದೊಡ್ಡ ತಟ್ಟೆಯ ತುಂಬ ಚಕ್ಕೆಪುಡಿಯ ಸುರುಳಿ ಬನ್ನು, ಸಿನಮನ್ ರೋಲ್, ಸುಟ್ಟಳು. ಮೂವರೂ ಕಾಲೇಜಿಗೆ ಹೊರಟರು.

ಪರೀಕ್ಷೆಯ ಕೋಣೆಯ ಹೊರಗಿನ ಅದೇ ಬೆಂಚಿನ ಮೇಲೆ ಈ ವರ್ಷದ ಹೊಸ ಹುಡುಗಿಯರು ಕೂತು, ತಲೆಗೆ ತಲೆ ಕೂಡಿಸಿ ಏನೋ ಪಿಸುಗುಟ್ಟಿ ನಗುತ್ತಿದ್ದರು. ಬ್ರೆನ್ನಾಳನ್ನು ಕಂಡು ಗಪ್ಪನೆ ಸುಮ್ಮನಾದರು.

ಟೆಸ್ ಕಂಪ್ಯೂಟರ್ ಮುಂದೆ ಕೂತಳು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಹಣೆ ಗಂಟಿಕ್ಕಿಕೊಂಡು, ಒಂದೊಂದು ಗುಂಡಿಯನ್ನೂ ಯೋಚಿಸಿ ಒತ್ತಿದಳು. ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಡಾರ್ಲಾ ಪರದೆ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಕಣ್ಣಿಗೆ ಕೈ ಒತ್ತಿಕೊಂಡಳು.

"ಅಷ್ಟೇ ಇದೆ" ಎಂದಳು. "ಹೋದ ಸೆಪ್ಟೆಂಬರ್‌ನಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ನಿಮ್ಮ ಟೆಸ್ ವಾಪಸ್ ಬಂದಳು."

ಅಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ಮಾರ್ಚ್‌ನಿಂದ ಒಂದು ಸಲವೂ ಹಾಗೆ ಅತ್ತಿರಲಿಲ್ಲ. ಡಾರ್ಲಾಳನ್ನು ತಬ್ಬಿಕೊಂಡು, ತಟ್ಟೆಯ ಮೇಲಿನ ಬಟ್ಟೆ ತೆಗೆದು, "ತಿನ್ನಿ, ಎಲ್ಲರೂ ತಿನ್ನಿ" ಎಂದಳು. ಡಾರ್ಲಾ ಲಿಂಕನ್‌ಗೆ ತಿಳಿಸಲು ಫೋನ್ ಎತ್ತಿಕೊಂಡಳು. ಬ್ರೆನ್ನಾ ಗೋಡೆಗೆ ಒರಗಿ ನಿಂತಿದ್ದಳು. 

ಟೆಸ್ ಎದ್ದು ಅಕ್ಕನ ಹತ್ತಿರ ಬಂದಳು. ಮುಖ ಹೆಮ್ಮೆಯಿಂದ ಅರಳಿತ್ತು. ಗುಟ್ಟಿನ ಮಾತನ್ನು ಮೆಲ್ಲಗೆ ಹೇಳಬೇಕೆಂಬುದು ಅವಳಿಗೆ ಈಗ ನೆನಪಿರುತ್ತಿರಲಿಲ್ಲ.

"ಬ್ರೆನ್, ಈ ಸಲ ನಾನು, ಬೇಕಂತ, ಒಂದೂ ತಪ್ಪು ಒತ್ತಿಲ್ಲ ಕಣೇ. ಎಲ್ಲಾ ಸರಿಯಾದ್ದೇ ಒತ್ತಿದೆ. ಎಲ್ಲಾ."

ಡಾರ್ಲಾಳ ಕೈಯಲ್ಲಿ ಫೋನ್ ನಿಂತಿತು. ಅವಳು ಪರದೆಯನ್ನು ನೋಡಿದಳು, ಟೆಸ್‌ಳನ್ನು ನೋಡಿದಳು, ಬ್ರೆನ್ನಾಳನ್ನು ನೋಡಿದಳು. ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

ಅಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಕೇಳಿದಳು. "ಏನೇ ಅದು, ಬೇಕಂತ ತಪ್ಪು ಒತ್ತೋದು ಅಂದ್ರೆ?"

ಬ್ರೆನ್ನಾ ಹೇಳಿದಳು. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ. ಬೆಂಚು, ಹತ್ತಕ್ಕೆ ಮೂರು ತಪ್ಪು, ಶುಕ್ರವಾರದ ಬರ್ಗರ್, ಕೊಕ್ಕರೆ, ಕಾಲಿಗೆ ಸುತ್ತಿಸಿಕೊಂಡ ಟೇಪ್.  ಟೆಸ್ ಒಂದು ರೋಲ್ ಎತ್ತಿಕೊಂಡು ಸುರುಳಿ ಬಿಚ್ಚಿ ಬಿಚ್ಚಿ ತಿನ್ನುತ್ತ, ಬೇರೆ ಯಾರದೋ ಕಥೆ ಕೇಳುವವಳ ಹಾಗೆ ಕೇಳಿದಳು.

ಅಮ್ಮ ಬಯ್ಯಲಿಲ್ಲ, ಹೊಡೆಯಲಿಲ್ಲ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಅದರ ಅಂಚನ್ನು ಸುತ್ತಲೂ ಒತ್ತಿ ಸರಿಮಾಡಿದಳು. ಆಮೇಲೆ ಡಾರ್ಲಾಳ ಕಡೆ ತಿರುಗಿದಳು.

"ಹಾಗಾದ್ರೆ ನನ್ನ ಟೆಸ್ ನಿಜವಾಗಿ ಎಷ್ಟಿದ್ಳು?"

ಡಾರ್ಲಾ ಪರದೆಯ ಕಡೆ ನೋಡಿದಳು. ಅಲ್ಲಿ ಹೋದ ಸೆಪ್ಟೆಂಬರ್‌ನದು, ಇವತ್ತಿನದು ಎಂದು ಎರಡು ಅಂಕಗಳಿದ್ದವು, ಎರಡೂ ಹೆಚ್ಚುಕಡಿಮೆ ಒಂದೇ. ಅಮ್ಮ ಕೇಳಿದ ಅಂಕ ಎಲ್ಲಿಯೂ ಇರಲಿಲ್ಲ, ಅದನ್ನು ಯಾರೂ ಯಾವತ್ತೂ ಅಳೆದಿರಲಿಲ್ಲ.

"ಹೇಳಿ ಡಾರ್ಲಾ" ಎಂದಳು ಅಮ್ಮ. "ಎಷ್ಟಿದ್ಳು?"